ನೀರು ಬೆರೆಸದ ಕಾರು

ಆ ಊರಿನ ಬೀದಿಗಳಿಗೆ ಹಾಲು ಹಾಕುತ್ತಿದ್ದವನಿಗೆ ಅವನ ಅಪ್ಪ ಬಿಟ್ಟುಹೋದ ಆಸ್ತಿ ಎರಡೇ: ಒಂದು ಕೊಟ್ಟಿಗೆ, ಇನ್ನೊಂದು ಅಡ್ಡಹೆಸರು. ಕೊಟ್ಟಿಗೆಯ ಗೋಡೆ ಒಡೆದು ಹೊಸದಾಗಿ ಕಟ್ಟಿಸಿಕೊಂಡ. ಅಡ್ಡಹೆಸರನ್ನು ಒಡೆಯುವುದು ಹೇಗೆಂದು ತಿಳಿಯಲಿಲ್ಲ. ಊರಿಗೆ ಊರೇ ಅವನನ್ನು ನೀರಣ್ಣ ಎಂದು ಕರೆಯುತ್ತಿತ್ತು.

ಆ ಹೆಸರನ್ನು ಸಂಪಾದಿಸಿದ್ದು ಅಪ್ಪ. ಹಾಲಿಗೆ ನೀರು ಬೆರೆಸುವುದು ಯಾರಿಗೂ ಗೊತ್ತಿಲ್ಲ ಎಂದು ಆತ ನಂಬಿದ್ದ. ಕೊಟ್ಟಿಗೆಯ ಹಸುವಿಗೂ ಗೊತ್ತಿತ್ತು. ಒಂದು ದಿನ ಯಾರದೋ ಮನೆಯ ಪಾತ್ರೆಯಲ್ಲಿ, ಹಾಲಿನ ನಟ್ಟನಡುವೆ, ಗೊದಮೊಟ್ಟೆಯೊಂದು ಬಾಲ ಅಲ್ಲಾಡಿಸುತ್ತ ಈಜಾಡಿತು. ಆ ಮನೆಯಾಕೆ ಪಾತ್ರೆ ಹಿಡಿದುಕೊಂಡೇ ಬೀದಿಗೆ ಬಂದಳು. ಅಪ್ಪ ಬಗ್ಗಿ ನೋಡಿದ. ಮುಖದ ಒಂದು ಗೆರೆಯೂ ಕದಲಲಿಲ್ಲ. "ನೋಡಿ ತಾಯಿ, ಎಷ್ಟು ತಾಜಾ ಹಾಲು! ಇನ್ನೂ ಜೀವ ಆಡ್ತಾ ಇದೆ" ಎಂದ. ಆ ಮಾತು ಊರೆಲ್ಲ ಸುತ್ತಿ ಬರುವಷ್ಟರಲ್ಲಿ ಅಪ್ಪ ನೀರಪ್ಪನಾಗಿದ್ದ. ಪಕ್ಕದಲ್ಲಿ ಕ್ಯಾನು ಹಿಡಿದು ನಿಂತಿದ್ದ ಮಗ, ಮೀಸೆ ಮೂಡುವ ಮೊದಲೇ, ನೀರಣ್ಣನಾದ.

ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳುವುದಕ್ಕೆ ಆಗುತ್ತದೆಯೇ? ಕ್ಯಾನು ತನ್ನ ಕೈಗೆ ಬಂದ ದಿನವೇ ಮಗ ನಿರ್ಧಾರ ಮಾಡಿದ: ಇನ್ನು ಈ ಹಾಲಿಗೆ ಒಂದು ತೊಟ್ಟು ನೀರು ಸೋಕಬಾರದು. ಸೋಕಲಿಲ್ಲ, ಸರಿ. ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಮಳೆ ಬಂದರೆ ತನ್ನ ರೇನ್‌ಕೋಟು ಬಿಚ್ಚಿ ಕ್ಯಾನಿಗೆ ಹೊದಿಸಿ, ತಾನು ತೊಪ್ಪೆಯಾಗಿ ಮನೆಗೆ ಬರುತ್ತಿದ್ದ. ಹಾಲು ಹಾಕಲು ಹೋದ ಮನೆಯಲ್ಲಿ ಎಷ್ಟೇ ಬಾಯಾರಿದರೂ ನೀರು ಕೇಳುತ್ತಿರಲಿಲ್ಲ. ಕೈಯಲ್ಲಿ ನೀರಿನ ಲೋಟ, ಕಾಲ ಬಳಿ ಹಾಲಿನ ಕ್ಯಾನು, ಯಾರಾದರೂ ನೋಡಿದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಊರು ಕಂಡಿದೆ. ಇವನು ಕಳ್ಳನಲ್ಲದಿದ್ದರೂ ದಿನಾ ಬೆಳಗ್ಗೆ ಎದ್ದು ಹೆಗಲು ಒರೆಸಿಕೊಳ್ಳುತ್ತಿದ್ದ.

ಊರು ಹಾಲನ್ನು ಮೆಚ್ಚಿತು, ಹೆಸರನ್ನು ಬಿಡಲಿಲ್ಲ. "ನೀರಣ್ಣನ ಹಾಲು ಏನು ಗಟ್ಟಿ ಅಂತೀರಾ!" ಎಂದು ಹೊಗಳುವಾಗಲೂ ಮೊದಲು ನೀರು, ಆಮೇಲೆ ಹಾಲು. ಅದಕ್ಕೆಲ್ಲ ಅವನು ಅಪ್ಪನನ್ನೇ ಶಪಿಸಿದ. ಅಪ್ಪನ ಕೊನೆಗಾಲದಲ್ಲೂ ಅವನ ಜೊತೆ ಮಾತು ಅಷ್ಟಕ್ಕಷ್ಟೇ ಇತ್ತು. ಸತ್ತ ಮೇಲೂ ಸಿಟ್ಟು ಸಾಯಲಿಲ್ಲ. ಮನೆಯಲ್ಲಿ ಯಾರಾದರೂ ಅಪ್ಪನ ಮಾತೆತ್ತಿದರೆ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ.

ಹೀಗಿರುವಾಗ ಊರ ಹೊರಗಿನ ದಿಣ್ಣೆಯ ಮೇಲಿನ ಮಕ್ಕಳ ಹಾಸ್ಟೆಲ್‌ಗೆ ಹೊಸ ವಾರ್ಡನ್ ಬಂದರು. ಬೇರೆ ಊರಿನವರು. ದಪ್ಪ ಕನ್ನಡಕ, ಚುಟುಕು ಮಾತು. ಅವರಿಗೆ ಹಾಲು ಬೇಕಿತ್ತು, ಅದೂ ಬಹಳ. ಅವನು ಹೋಗಿ ಕೈಮುಗಿದು ನಿಂತಾಗ, "ಒಂದು ವಾರ ಹಾಕಿ, ನೋಡ್ತೀನಿ. ಹಾಲು ಗಟ್ಟಿಯಾಗಿರ್ಬೇಕು, ಮಕ್ಕಳ ಬೆಲ್ಲು ಹೊಡೆಯೋ ಮೊದಲು ಬರ್ಬೇಕು. ಸರಿಹೋದ್ರೆ ನಿಮಗೇ ಕೊಡೋಣ" ಎಂದರು. ಆಮೇಲೆ, "ನೀವು ಹೊಸಬರ ಥರ ಕಾಣ್ತೀರಿ, ನಾನೂ ಹೊಸಬಳೇ" ಎಂದು ನಕ್ಕರು.

ಆ ನಗು ಅವನ ಎದೆಗೆ ಹಾಲು ಹೊಯ್ದಂತಾಯಿತು. ಈ ಊರಿನಲ್ಲಿ ತನ್ನನ್ನು ನೀರಣ್ಣ ಎಂದು ಅರಿಯದ ಒಂದು ಬಾಗಿಲು ಇದೆ! ವ್ಯಾಪಾರ ದೊಡ್ಡದು ನಿಜ. ಆದರೆ ಅವನಿಗೆ ಬೇಕಾದದ್ದು ಆ ಬಾಗಿಲು. ಒಂದು ವಾರ ಆ ಹೆಸರು ದಿಣ್ಣೆ ಹತ್ತದೆ ಇದ್ದರೆ ಸಾಕು.

ಹೆಸರು ಹತ್ತದಿದ್ದರೂ ಹಾಲು ಹತ್ತಬೇಕಲ್ಲ. ಅಷ್ಟೊಂದು ಕ್ಯಾನು ಹೊತ್ತು ಅವನ ಮೊಪೆಡ್ ಆ ಏರು ಹತ್ತುವುದು ಕನಸಿನ ಮಾತು. ಹಾಗಾಗಿ ಹಲ್ಲಿನ ಡಾಕ್ಟರೊಬ್ಬರ ಹಳೆಯ ಕಾರನ್ನು ಕೊಂಡುತಂದ. ಹಿಂದಿನ ಸೀಟು ಕಿತ್ತು ಕ್ಯಾನಿಗೆ ಜಾಗ ಮಾಡಿದ. ಕಾರು ಹೊರಡುವಾಗ ಹಲ್ಲು ಕೀಳಿಸಿಕೊಳ್ಳುವವನಂತೆ ನರಳುತ್ತಿತ್ತು. "ಡಾಕ್ಟರ ಕೈ ಗುಣ" ಎಂದಳು ಮಗಳು. ಅವಳು ಹೊಲಿಗೆ ತರಬೇತಿಗೆ ಹೋಗುತ್ತಿದ್ದ ಹುಡುಗಿ. ಕಾರು ಬಂದಾಗಿನಿಂದ ಅಪ್ಪನ ಡ್ರೈವಿಂಗ್ ಮೇಲೆ ನಂಬಿಕೆ ಸಾಲದೆ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದಳು.

ಕಾರನ್ನು ಮೊದಲು ತೋರಿಸಿದ್ದು ಕೊಟ್ಟಿಗೆಯ ಹಿಂದಿನ ಗ್ಯಾರೇಜಿನಲ್ಲಿ. ಮೆಕ್ಯಾನಿಕ್ ಬಾನೆಟ್ ಎತ್ತಿ ಪಾಠ ಶುರುಮಾಡಿದ. "ಹಳೇ ಕಾರು ಹಳೇ ಹಸು ಇದ್ದಂಗಣ್ಣಾ. ದಿನಾ ಹೊಟ್ಟೆ ನೋಡ್ಬೇಕು. ಇದು ಎಂಜಿನ್ ಆಯಿಲ್ ಕಡ್ಡಿ. ಎಳೆದು ಒರೆಸಿ, ಮತ್ತೆ ಅದ್ದಿ ನೋಡಿ. ಈ ಎರಡು ಗೆರೆ ಮಧ್ಯ ಇರ್ಬೇಕು. ಇದು ಬ್ರೇಕ್ ಆಯಿಲ್. ಇದು ವೈಪರ್ ನೀರು. ಇದು ಬ್ಯಾಟರಿ ನೀರು..."

ನೀರು ಎಂಬ ಮಾತು ಬಂದಾಗಲೆಲ್ಲ ಅವನ ಕಣ್ಣು ಬೀದಿಯ ಕಡೆ ಹೊರಳುತ್ತಿತ್ತು. ಬ್ಯಾಟರಿಗೆ ಮೆಕ್ಯಾನಿಕ್ಕೇ ಹಾಕಿದ; ಇವನು ಆಗ ಬೆನ್ನು ತಿರುಗಿಸಿ ನಿಂತಿದ್ದ. ವೈಪರ್‌ಗೆ ಬೇಡವೇ ಬೇಡ ಎಂದ. ಕೊನೆಗೆ ಮೆಕ್ಯಾನಿಕ್ ಒಂದು ಹಸಿರು ಡಬ್ಬ ತೆಗೆದ.

"ಇದು ಕೂಲೆಂಟು. ಎಂಜಿನ್ ತಣ್ಣಗಿರೋಕೆ. ರೇಡಿಯೇಟರಲ್ಲಿ ಇದ್ದಿದ್ದೆಲ್ಲ ತುಕ್ಕು, ಬಸಿದುಬಿಟ್ಟೆ. ಇದು ಅರ್ಧ, ನೀರು ಅರ್ಧ ಬೆರೆಸಿ..."

"ಬೇಡ!"

ಆ ಕೂಗಿಗೆ ಮೆಕ್ಯಾನಿಕ್ ತಲೆ ಎತ್ತಿ ಬಾನೆಟ್‌ಗೆ ಹೊಡೆಸಿಕೊಂಡ. "ಯಾಕಣ್ಣಾ?"

"ಬೆರೆಸೋದು ಗಿರೆಸೋದು ನನಗೆ ಆಗಲ್ಲ. ಇನ್ನೊಂದು ಡಬ್ಬ ಕೊಡು, ಅದನ್ನೇ ತುಂಬಾ ಹಾಕೋಣ."

"ಹಾಗೆ ಹಾಕೋ ಹಾಗಿಲ್ಲಣ್ಣಾ. ಡಬ್ಬದ ಮೇಲೇ ಬರೆದಿದೆ ನೋಡಿ. ನೀರು ಇಟ್ಟಿದ್ದೀನಿ, ಟೀ ಕುಡ್ಕೊಂಡು ಬಂದು ಬೆರೆಸ್ತೀನಿ."

ಹೀಗೆಂದು ಅವನು ಟೀ ಅಂಗಡಿಗೆ ಹೋದ. ಹಾಲಿನವನು ಒಬ್ಬನೇ ಉಳಿದ, ಎದುರಿಗೆ ಒಂದು ಜಗ್ಗು ನೀರು. ನೀರು ಬೆರೆಸು ಎಂದು ಯಾರೇ ಹೇಳಲಿ, ಅವನಿಗೆ ಅದು ಅಪ್ಪನ ದನಿಯಲ್ಲೇ ಕೇಳಿಸುತ್ತಿತ್ತು. ಅರ್ಧ ಬೆರೆಸಿದ್ದೇ ಅಷ್ಟು ಒಳ್ಳೆಯದಾದರೆ ಬೆರೆಸದ್ದು ಇನ್ನೆಷ್ಟು ಒಳ್ಳೆಯದಿರಬೇಡ? ಹಾಲಿನಲ್ಲಿ ನಿಜವಾದದ್ದು ಕೂಲೆಂಟಿನಲ್ಲಿ ಸುಳ್ಳಾದೀತೇ? ಕಪಾಟಿನಿಂದ ಇನ್ನೊಂದು ಡಬ್ಬ ತೆಗೆದು, ಎರಡನ್ನೂ ಕೊನೆಯ ಹನಿಯವರೆಗೆ ರೇಡಿಯೇಟರಿಗೆ ಸುರಿದ. ಜಗ್ಗಿನ ನೀರನ್ನು ಬೇಲಿಯ ಗಿಡಕ್ಕೆ ಹೊಯ್ದ. ಮೆಕ್ಯಾನಿಕ್ ಬಂದು ಖಾಲಿ ಜಗ್ಗು ನೋಡಿ, "ಆಯ್ತಲ್ಲ, ಅಷ್ಟೇನೇ ಕೆಲಸ" ಎಂದ. ಇವನು ಎರಡನೆಯ ಡಬ್ಬದ ದುಡ್ಡು ಕೊಟ್ಟು, "ಒಂದು ಮನೇಲಿರ್ಲಿ ಅಂತ" ಎಂದು ಸುಳ್ಳು ಹೇಳಿದ. ಶುದ್ಧತೆಗಾಗಿ ಹೇಳಿದ ಸುಳ್ಳು, ಪಾಪವಿಲ್ಲ ಎಂದುಕೊಂಡ.

ಅಲ್ಲಿಂದ ಮುಂದೆ ಹಾಲು ಕರೆದು ಮುಗಿದ ಕೂಡಲೇ ಬಾನೆಟ್ ಪೂಜೆ ಶುರು. ಆಯಿಲ್ ಕಡ್ಡಿ ಎಳೆದು ಒಂದು ಹನಿಯನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು, ನಿಲ್ಲುತ್ತದೋ ಹರಿಯುತ್ತದೋ ನೋಡುವುದು. ಹಾಲನ್ನು ಅವನು ನೋಡುತ್ತಿದ್ದದ್ದು ಹಾಗೆ, ಬೇರೆ ಪರೀಕ್ಷೆ ಅವನಿಗೆ ಗೊತ್ತಿರಲಿಲ್ಲ. ಬ್ರೇಕ್ ಆಯಿಲ್ ಮೂಸಿ ನೋಡುವುದು. ಕೂಲೆಂಟ್ ಡಬ್ಬಿಯ ಮಟ್ಟ ಗೆರೆಗಿಂತ ಒಂದು ಕೂದಲೆಳೆ ಇಳಿದಿದ್ದರೂ ಅಂಗಡಿಯಿಂದ ಮತ್ತೊಂದು ಡಬ್ಬ ತಂದು ಹಸಿರು ದ್ರವ ಸುರಿಯುವುದು. ಎಲ್ಲದಕ್ಕೂ ಕೈ ಒರೆಸಿಕೊಳ್ಳುತ್ತಿದ್ದದ್ದು ಹಾಲು ಸೋಸುವ ಬಟ್ಟೆಗೆ.

"ರೀ, ಆ ಬಟ್ಟೆ ಮುಟ್ಟಿದ್ರೆ ನೋಡಿ!" ಎಂದು ಹೆಂಡತಿ ಕೊಟ್ಟಿಗೆಯಿಂದ ಕೂಗುತ್ತಿದ್ದಳು. "ನನ್ನ ಮುಖಾನ ಇಷ್ಟು ಹೊತ್ತು ಯಾವತ್ತಾದ್ರೂ ನೋಡಿದ್ದೀರಾ?"

"ನಿನ್ನಲ್ಲಿ ಮಟ್ಟ ಇಳಿಯೋದೇ ಇಲ್ವಲ್ಲೇ" ಎಂದ ಅವನು. ಅವತ್ತು ಅವನಿಗೆ ತಿಂಡಿ ತಡವಾಗಿ ಸಿಕ್ಕಿತು.

ಮೊದಲ ದಿನಗಳು ಸರಾಗವಾಗಿ ಕಳೆದವು. ಹೊತ್ತಾರೆಯ ತಂಪಿನಲ್ಲಿ, ಹಾಸ್ಟೆಲ್ ಎದುರಿನ ಅಂಗಡಿಗಳು ಬಾಗಿಲು ತೆರೆಯುವ ಮೊದಲೇ, ಕಾರು ನರಳಿಕೊಂಡೇ ದಿಣ್ಣೆ ಹತ್ತಿತು. ಬೆಲ್ಲಿಗೆ ಮೊದಲೇ ಕ್ಯಾನು ಇಳಿಯಿತು. ವಾರ್ಡನ್ ಕೆನೆ ನೋಡಿ ತಲೆದೂಗಿದರು. ಮುಂದಿನ ಗಾಜಿನ ಮೇಲೆ ಧೂಳು ಕೂತರೆ ಅವನು ಕಾರು ನಿಲ್ಲಿಸಿ ಇಳಿದು ಒಣ ಬಟ್ಟೆಯಲ್ಲಿ ಒರೆಸಿ ಬರುತ್ತಿದ್ದ.

"ವೈಪರ್‌ಗೆ ಒಂದು ಚೊಂಬು ನೀರು ಹಾಕಿದ್ರೆ ಏನಪ್ಪಾ ಕಳ್ಕೊಳ್ತೀಯಾ?" ಎಂದಳು ಮಗಳು.

"ಈ ಗಾಡಿಯೊಳಗೆ ಹಾಲು ಇರೋವರೆಗೂ ನೀರು ಇರಲ್ಲ."

"ಮತ್ತೆ ಈ ಮುಳ್ಳು ಯಾಕೆ ಹೀಗೆ ಮೇಲೆ ಹತ್ತುತ್ತಿದೆ? ಬಿಸಿ ಅಲ್ವಾ ಅದು?"

ಅವನು ಮುಳ್ಳನ್ನು ನೋಡಿದ. ದಿನದಿಂದ ದಿನಕ್ಕೆ ಅದು ಕೆಂಪು ಗೆರೆಯ ಕಡೆ ವಾಲುತ್ತಿದ್ದದ್ದು ನಿಜ. "ಅದು ಉತ್ಸಾಹ ಕಣೇ. ಚೊಕ್ಕವಾದ್ದು ಹೊಟ್ಟೆಗೆ ಬಿದ್ರೆ ಯಾರಿಗಾದ್ರೂ ಉತ್ಸಾಹ ಬರುತ್ತೆ" ಎಂದ.

ವಾರದ ಕೊನೆಯ ದಿನ ಬಂತು. ಇವತ್ತೊಂದು ದಾಟಿದರೆ ಆಯಿತು ಎಂಬ ಆತುರಕ್ಕೆ ರಾತ್ರಿಯ ಹಾಲನ್ನೂ ಸೇರಿಸಿ ಇನ್ನೆರಡು ಕ್ಯಾನು ಹೆಚ್ಚು ಹೇರಿ, ಅದರಿಂದಲೇ ತಡವಾಗಿ ಹೊರಟ. ದಿಣ್ಣೆಯ ಬುಡದಲ್ಲಿ ಇಟ್ಟಿಗೆ ಲಾರಿಯೊಂದು ಮುಂದೆ ಸಿಕ್ಕಿತು. ಲಾರಿ ಆಮೆಯಂತೆ ಹತ್ತಿತು, ಇವನು ಅದರ ಹಿಂದೆ ಒಂದನೇ ಗೇರಿನಲ್ಲಿ ಗುರುಗುಟ್ಟಿಕೊಂಡು ಹತ್ತಿದ. ಮುಳ್ಳು ಕೆಂಪು ಗೆರೆ ದಾಟಿತು. "ಅಪ್ಪಾ, ಉತ್ಸಾಹ ಜಾಸ್ತಿಯಾಯ್ತು" ಎಂದಳು ಮಗಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ಬಾನೆಟ್ ಸಂದಿಯಿಂದ ಬುಸ್ ಎಂದು ಹಬೆ ಎದ್ದಿತು. ಹಾಸ್ಟೆಲ್ ಗೇಟು ಕಣ್ಣಳತೆಯಲ್ಲೇ ಇತ್ತು. ಕಾರು ಗೇಟಿನ ಎದುರಿಗೆ, ಸರಿಯಾಗಿ ಇಸ್ತ್ರಿ ಅಂಗಡಿಯ ಮುಂದೆ, ಕೊನೆಯ ಉಸಿರೆಳೆದು ನಿಂತಿತು.

ನಿಲ್ಲುವುದಕ್ಕೆ ಬೇರೆ ಜಾಗವೇ ಸಿಗಲಿಲ್ಲವೇ ಅದಕ್ಕೆ! ಇಸ್ತ್ರಿಯವನು ಊರಿನ ಅಂಗಿಗಳನ್ನು ಎಷ್ಟು ಚೆನ್ನಾಗಿ ತಿಕ್ಕುತ್ತಿದ್ದನೋ ಊರಿನ ಮನುಷ್ಯರನ್ನು ಅದಕ್ಕಿಂತ ಚೆನ್ನಾಗಿ ತಿಕ್ಕುತ್ತಿದ್ದ. ಪಕ್ಕದಲ್ಲೇ ಬಸ್ ಸ್ಟಾಪು, ಬಸ್ಸು ಬಾರದೆ ಬೇಸತ್ತು ನಿಂತ ಜನ. ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು, ಕೈ ಎತ್ತಿ ಕೂಗಿದ:

"ನೀರಣ್ಣೋ! ನೀರು ಬೇಕಾ?"

ಬಸ್ ಸ್ಟಾಪಿಗೆ ಸ್ಟಾಪೇ ನಕ್ಕಿತು. ಹಾಲಿನವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇಳಿದು ಬಾನೆಟ್ ಎತ್ತಿ, ಹಬೆಯೊಳಗೆ ಕೈ ಹಾಕಲು ಹೋದ.

"ಅಪ್ಪಾ, ಮುಚ್ಚಳ ಮುಟ್ಟಬೇಡ! ಮುಖಕ್ಕೇ ಹಾರುತ್ತೆ!" ಎಂದು ಮಗಳು ಅವನ ಅಂಗಿ ಹಿಡಿದೆಳೆದಳು. "ಆರೋವರೆಗೂ ಕಾಯ್ಬೇಕು. ಮೆಕ್ಯಾನಿಕ್ ಮಾಮಂಗೆ ಫೋನ್ ಮಾಡ್ತೀನಿ. ನೀರು ಮಾತ್ರ ತಂದಿಟ್ಕೋಬೇಕು."

ನೀರು! ಆ ಕಾರಿನ ಮೂಲೆಮೂಲೆ ಹುಡುಕಿದರೂ ಕಣ್ಣೀರು ಬಿಟ್ಟರೆ ಬೇರೆ ನೀರು ಸಿಗುವಂತಿರಲಿಲ್ಲ. ಕೊನೆಗೆ ಅವನು, ಹುಟ್ಟಿದಾಗಿನಿಂದ ಬೀದಿಯಲ್ಲಿ ಆಡದ ಮಾತನ್ನು ಆಡಿದ. "ಯಾರಾದ್ರೂ... ಒಂದಿಷ್ಟು ನೀರು ಕೊಡ್ರಪ್ಪಾ."

ಆಹಾ, ಜನಕ್ಕೆ ಅಷ್ಟು ಸಾಕಿತ್ತು. ಸಹಾಯ ಮಾಡುವುದರ ಜೊತೆಗೆ ತಮಾಷೆಯೂ ಸಿಗುವುದಾದರೆ ಯಾರು ಹಿಂದೆ ಬೀಳುತ್ತಾರೆ? ಇಸ್ತ್ರಿಯವನು ಬಕೆಟ್ ತಂದ. ಎದುರುಮನೆಯಾಕೆ ಬಿಂದಿಗೆ ತಂದಳು. ಟೀ ಅಂಗಡಿಯಿಂದ ಎರಡು ಕೊಡ ಬಂತು. ಶಾಲೆಗೆ ಹೊರಟವರು ತಮ್ಮ ಬಾಟಲಿಗಳನ್ನೂ ಸಾಲಾಗಿ ಇಟ್ಟರು. "ನೀರಣ್ಣಂಗೆ ನೀರಂತೆ, ತನ್ರೋ!" ಎಂದು ಒಬ್ಬ ಇನ್ನೊಬ್ಬನನ್ನು ಕರೆದ. ಮಗಳು ಹೊತ್ತಾಗುತ್ತದೆ ಎಂದು ಹಿಂದಿನ ಬಾಗಿಲು ತೆಗೆದು ಕ್ಯಾನುಗಳನ್ನು ಇಳಿಸತೊಡಗಿದ್ದಳು. ಇಳಿಸಿದ ಕ್ಯಾನುಗಳ ಸುತ್ತ ಬಕೆಟ್ಟು, ಬಿಂದಿಗೆ, ಕೊಡ.

ಅದೇ ಹೊತ್ತಿಗೆ, ಹಾಲು ಯಾಕೆ ಬರಲಿಲ್ಲ ಎಂದು ನೋಡಲು ವಾರ್ಡನ್ ಗೇಟಿನಾಚೆ ಬಂದರು.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರೆ. ಇಲ್ಲಿ ಇವನು ಹಾಲಿನ ಕ್ಯಾನುಗಳ ನಡುವೆ, ಕೈಯಲ್ಲಿ ತುಂಬಿದ ಬಿಂದಿಗೆ ಹಿಡಿದು ನಿಂತಿದ್ದ. ವಾರ್ಡನ್ ಕನ್ನಡಕ ಸರಿಮಾಡಿಕೊಂಡರು.

"ಏನ್ರೀ ಇದೆಲ್ಲ? ನೀರಣ್ಣ ಅಂತ ಕೂಗ್ತಿದ್ದಾರಲ್ಲ, ಯಾರದು?"

ಬಸ್ ಸ್ಟಾಪಿನ ಬೆರಳುಗಳೆಲ್ಲ ಒಟ್ಟಿಗೆ ಅವನ ಕಡೆ ತಿರುಗಿದವು. ಮುಗಿಯಿತು ಕಥೆ ಎಂದುಕೊಂಡ. ಇದ್ದ ಒಂದು ಬಾಗಿಲೂ ಹೋಯಿತು. ಇನ್ನು ಸುಳ್ಳು ಹೇಳಿ ಉಳಿಸಿಕೊಳ್ಳುವುದಾದರೂ ಏನನ್ನು?

"ನಾನೇ ಅಮ್ಮ" ಎಂದ. "ನಮ್ಮಪ್ಪ ಹಾಲಿಗೆ ನೀರು ಹಾಕ್ತಿದ್ದ. ಅದಕ್ಕೆ ನನಗೂ ಆ ಹೆಸರು. ನಾನು ಹಾಕಿಲ್ಲ. ಆದ್ರೆ ಈಗ ಹೇಳಿದ್ರೆ ನೀವು ಹೇಗೆ ನಂಬ್ತೀರಿ?"

ವಾರ್ಡನ್ ಬಿಂದಿಗೆ ನೋಡಿದರು, ಕ್ಯಾನು ನೋಡಿದರು. ಆಗ ಮೆಕ್ಯಾನಿಕ್ ಸ್ಕೂಟರಿನಲ್ಲಿ ಬಂದಿಳಿದ. ಯಾರನ್ನೂ ಮಾತಾಡಿಸದೆ ಬಾನೆಟ್ ಒಳಗೆ ಬಗ್ಗಿದ. ಉಕ್ಕಿ ಚೆಲ್ಲಿದ್ದ ಹಸಿರು ದ್ರವವನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿದ, ಮತ್ತೊಮ್ಮೆ ತಿಕ್ಕಿದ. ನಿಧಾನವಾಗಿ ತಲೆ ಎತ್ತಿ ಕೇಳಿದ:

"ಅಣ್ಣಾ, ನಿಜ ಹೇಳಿ. ನೀರು ಹಾಕಿದ್ರಾ?"

ಹುಟ್ಟಿದಾಗಿನಿಂದ ಊರು ಅವನನ್ನು ಕೇಳಿದ್ದ ಪ್ರಶ್ನೆ ಅದೊಂದೇ. ಅವನು ಎದೆಯುಬ್ಬಿಸಿ, ಬೀದಿಗೆ ಬೀದಿಯೇ ಕೇಳುವಂತೆ ಉತ್ತರ ಕೊಟ್ಟ:

"ಇಲ್ಲ! ಒಂದು ತೊಟ್ಟೂ ಹಾಕಿಲ್ಲ!"

"ಅದಕ್ಕೇ ಕುದ್ದಿರೋದು!" ಎಂದು ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. "ಅರ್ಧ ನೀರು ಹಾಕ್ಬೇಕು ಅಂತ ಬಡ್ಕೊಂಡೆನಲ್ಲಣ್ಣಾ! ಈ ಕೂಲೆಂಟು ಒಂದೇ ಹಾಕಿದ್ರೆ ಎಂಜಿನ್ ಬಿಸಿ ಎಳೆಯೋಕೇ ಆಗಲ್ಲ. ನೀರು ಸೇರಿದ್ರೇನೇ ಕೆಲಸ. ಎರಡು ಡಬ್ಬ ಪೂರ್ತಿ ಸುರಿದಿದ್ದಾರೆ ನೋಡಿ ಈ ಮಹಾನುಭಾವ! ಮತ್ತೆ ಆ ಜಗ್ಗಿನ ನೀರು?"

"ಗಿಡಕ್ಕೆ ಹಾಕ್ದೆ" ಎಂದ ಹಾಲಿನವನು ಸಣ್ಣ ದನಿಯಲ್ಲಿ.

ಮೊದಲು ಬಾಯಿ ಬಿಟ್ಟವನು ಇಸ್ತ್ರಿಯವನೇ. "ಅಲ್ರೀ, ಹಾಕಲೇಬೇಕಾದ ಕಡೆಗೇ ನೀರು ಹಾಕದ ಗಿರಾಕಿ! ಇವನು ಹಾಲಿಗೆ ಹಾಕ್ತಾನೇನ್ರೀ?" ಎಂದ. ಮತ್ತೆ ನಗೆ ಎದ್ದಿತು. ಈ ಸಲದ ನಗೆ ಅವನನ್ನು ಚುಚ್ಚಲಿಲ್ಲ. ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ವಾರ್ಡನ್. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಬನ್ನಿ, ಕ್ಯಾನು ತನ್ನಿ ಒಳಗೆ. ನಾಳೆಯಿಂದ ಈ ಹಾಸ್ಟೆಲ್‌ಗೆ ನಿಮ್ಮದೇ ಹಾಲು" ಎಂದರು.

ಇಸ್ತ್ರಿಯವನೇ ಒಂದು ಕ್ಯಾನಿಗೆ ಹೆಗಲು ಕೊಟ್ಟ. ಅಡುಗೆಮನೆಯ ಬಾಗಿಲಲ್ಲಿ ಅಡುಗೆಯಮ್ಮ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. "ಬಂತಾ ಹಾಲು? ಬೇಗ ಸುರೀರಿ. ಪಾತ್ರೆಗೆ ನೀರು ಹಾಕಿ ಆಗಲೇ ಒಲೆ ಮೇಲಿಟ್ಟಿದ್ದೀನಿ."

ಹಾಲಿನವನು ನಿಂತಲ್ಲೇ ನಿಂತ. "ನೀರಾ?"

ವಾರ್ಡನ್ ಸ್ವಲ್ಪ ಮುಜುಗರದಿಂದ ಹೇಳಿದರು. "ಹೇಳ್ಬೇಕು ಅಂತಿದ್ದೆ. ನಿಮ್ಮ ಹಾಲು ಬಹಳ ಗಟ್ಟಿ. ಚಿಕ್ಕ ಮಕ್ಕಳಿಗೆ ಮೊದಲನೇ ದಿನವೇ ಹೊಟ್ಟೆ ಕೆಡ್ತು. ಅವತ್ತಿಂದ ನಾವೇ ನೀರು ಬೆರೆಸಿ ಕಾಯಿಸ್ತಿದ್ದೀವಿ. ಈಗ ಎಲ್ಲರೂ ಚೆನ್ನಾಗಿದ್ದಾರೆ."

"ಎಷ್ಟು ಹಾಕ್ತೀರಮ್ಮಾ?" ಎಂದು ಅವನು ಅಡುಗೆಯಮ್ಮನನ್ನು ಕೇಳಿದ.

"ಒಂದು ಕ್ಯಾನಿಗೆ ಆ ಬಿಂದಿಗೇಲಿ ಅರ್ಧ."

ಅವನು ಮೂಲೆಯಲ್ಲಿದ್ದ ಬಿಂದಿಗೆಯನ್ನು ನೋಡಿದ. ನಸುಕಿನಲ್ಲಿ ಅಪ್ಪ, ಕ್ಯಾನು ಹಿಡಿದು ನಿಂತ ತನಗೆ ಅಳತೆ ತೋರಿಸುತ್ತ, ಬಾವಿಕಟ್ಟೆಯ ಮರೆಯಲ್ಲಿ ಬಗ್ಗಿ ಸುರಿಯುತ್ತಿದ್ದದ್ದು ಕಣ್ಣಿಗೆ ಬಂತು. ಅಳತೆ ಅದೇ, ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಹಾಲು ಕುಡಿದೇ ಹೊರಗೆ ನಿಂತು ನಗುತ್ತಿದ್ದ ಊರೆಲ್ಲ ಬೆಳೆದದ್ದು; ಗಟ್ಟಿಮುಟ್ಟಾಗಿಯೇ ಬೆಳೆದಿತ್ತು. ಅವನಿಗೆ ನಗು ಬಂತು.

"ನಮ್ಮಪ್ಪನೂ ಅಷ್ಟೇ ಹಾಕ್ತಿದ್ದ" ಎಂದ. "ಹೇಳಿ ಹಾಕಿದ್ರೆ ಆಗಿತ್ತು. ಅಷ್ಟೇ ಅವನು ಮಾಡಿದ ತಪ್ಪು. ಅದಕ್ಕೆ ನಾನು ಕೊನೇವರೆಗೂ ಅವನ ಜೊತೆ ಸರಿಯಾಗಿ ಮಾತೇ ಆಡ್ಲಿಲ್ಲ."

ಮಗಳು ಅಪ್ಪನ ಮುಖ ನೋಡಿದಳು. ಅಜ್ಜನ ಮಾತು ಅವನ ಬಾಯಿಂದ ಬೈಗುಳವಿಲ್ಲದೆ ಬಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಹಾಗಿದ್ರೆ ನಾಳೆಯಿಂದ ಮನೇಲೇ ಬೆರೆಸಿ ತಂದುಬಿಡಿ, ನನಗೊಂದು ಕೆಲಸ ಉಳಿಯುತ್ತೆ" ಎಂದಳು ಅಡುಗೆಯಮ್ಮ.

"ಇಲ್ಲಮ್ಮ. ಹಾಲಿಗೆ ನೀವೇ ಬೆರೆಸ್ಕೊಳ್ಳಿ, ಎಲ್ಲರೆದುರಿಗೆ" ಎಂದು ಹೊರಗೆ ಬಂದ.

ಎಂಜಿನ್ ಆರಿತ್ತು. ಮೆಕ್ಯಾನಿಕ್ ರೇಡಿಯೇಟರಿನಲ್ಲಿ ಉಳಿದಿದ್ದ ಕೂಲೆಂಟನ್ನು ಅಗಲವಾದ ತೊಟ್ಟಿಗೆ ಬಸಿದು, "ಇದರಷ್ಟೇ ನೀರು ಬೆರೆಸಿ ವಾಪಸ್ ತುಂಬ್ಬೇಕು. ಅಳತೆ ಪಾತ್ರೆ ಗ್ಯಾರೇಜಲ್ಲೇ ಉಳೀತು, ತಾಳಿ, ತರ್ತೀನಿ" ಎಂದ. ಬಸ್ಸು ಬಂದು ಹೋಗಿದ್ದರೂ ಹತ್ತದೆ ಉಳಿದವರು ಇನ್ನೂ ನಿಂತಿದ್ದರು.

"ಬೇಡ ಬಿಡು" ಎಂದು ಹಾಲಿನವನು ಅಂಗಿಯ ತೋಳು ಮಡಿಸಿದ. ಬಿಂದಿಗೆ ಎತ್ತಿ, ತೊಟ್ಟಿಯ ಒಳಗೋಡೆಯ ಮೇಲೆ ಕಣ್ಣಿಟ್ಟು, ಸದ್ದಿಲ್ಲದ ಒಂದೇ ಧಾರೆಯಲ್ಲಿ ಸುರಿದ. ಒಂದು ಹನಿ ಆಚೆ ಸಿಡಿಯಲಿಲ್ಲ. ಹಸಿರು ತಿಳಿಯಾಗುತ್ತ ಮೇಲೇರಿ, ಇರಬೇಕಾದ ಜಾಗಕ್ಕೆ ಬಂದ ಕೂಡಲೇ ಬಿಂದಿಗೆ ತಾನಾಗಿ ಮೇಲೆದ್ದಿತು. ಮೆಕ್ಯಾನಿಕ್ ಬಗ್ಗಿ, ಮೊದಲು ನಿಂತಿದ್ದ ಮಟ್ಟ ಈಗಿನ ಮಟ್ಟ ಎರಡಕ್ಕೂ ಗೇಣು ಹಾಕಿ ನೋಡಿದ.

"ಸರಿಯಾಗಿ ಅರ್ಧಕ್ಕರ್ಧ! ಅಳತೆಯಿಲ್ಲದೆ ಹೇಗಣ್ಣಾ ಬಂತು ಈ ಕೈ?"

ಹಾಲಿನವನು ಬಿಂದಿಗೆ ಕೆಳಗಿಟ್ಟು, ಇಸ್ತ್ರಿಯವನಿಗೂ ಎದುರುಮನೆಯಾಕೆಗೂ ಗೇಟಿನಲ್ಲಿ ನಿಂತಿದ್ದ ವಾರ್ಡನ್‌ಗೂ ಕೇಳುವ ಹಾಗೆ ಹೇಳಿದ:

"ನಮ್ಮಪ್ಪ ಕಲಿಸಿದ್ದು."